ಹೊಂಗೆ ಮರದ ಔಷಧೀಯ ಬಳಕೆ ಮತ್ತು ಬೇಸಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೈತರು ಹಾಗೂ ಮನೆಮದ್ದಿನಲ್ಲಿ ಆಸಕ್ತಿಯುಳ್ಳವರು ಹೊಂಗೆಯ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬರೆದವನು ಕೊರಟಗೆರೆ ತಾಲ್ಲೂಕಿನ ಒಣಭೂಮಿ ರೈತ, ವೈದ್ಯನಲ್ಲ. ಆದ್ದರಿಂದ ಔಷಧಿಯ ಭಾಗವನ್ನು ಓದುವಾಗ ಅಲ್ಲಿ ಹೇಳಿರುವ ಎಚ್ಚರಿಕೆಗಳನ್ನು ಬಿಟ್ಟು ಮುಂದೆ ಹೋಗಬಾರದೆಂದು ವಿನಂತಿ.

ಹೊಂಗೆ ಮರವನ್ನು ಗುರುತಿಸುವುದು ಹೇಗೆ? ಇದಕ್ಕೆ ಬೇರೆ ಯಾವ ಹೆಸರುಗಳಿವೆ?

ಹಳೆ ಮೈಸೂರು ಸೀಮೆಯ ಯಾವ ಊರಿನವರಿಗೂ ಹೊಂಗೆಯನ್ನು ತೋರಿಸಿಕೊಡಬೇಕಾದ ಅಗತ್ಯವಿಲ್ಲ. ಆದರೂ ಪಟ್ಟಣದಲ್ಲಿ ಬೆಳೆದವರಿಗಾಗಿ ಹೇಳುವುದಾದರೆ, ಒಂದೇ ದಂಟಿನಲ್ಲಿ ಐದು ಅಥವಾ ಏಳು ಚಿಕ್ಕೆಲೆಗಳಿರುವ, ಎಲೆಯ ಮೇಲ್ಮೈ ಎಣ್ಣೆ ಸವರಿದಂತೆ ಹೊಳೆಯುವ, ಕೆರೆ ಏರಿಯ ಕೆಳಗೂ ಹೊಲದ ಬದುವಿನಲ್ಲೂ ರಸ್ತೆಯ ಬದಿಯಲ್ಲೂ ದಟ್ಟವಾದ ನೆರಳು ಕೊಡುವ ಮರವೇ ಹೊಂಗೆ. ಫೆಬ್ರುವರಿಯ ಆಸುಪಾಸಿನಲ್ಲಿ ಎಲೆ ಉದುರಿಸಿ, ಬೇರೆ ಮರಗಳು ಇನ್ನೂ ಬೋಳಾಗಿರುವಾಗಲೇ ತಿಳಿಹಸಿರಿನ ಚಿಗುರು ಹೊತ್ತು ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ಬಿಳಿ ಹಾಗೂ ತಿಳಿನೇರಳೆ ಬಣ್ಣದ ಹೂವು ಬಿಟ್ಟು, ಬೆಳಿಗ್ಗೆ ಮರದ ಬುಡದಲ್ಲಿ ಅರಳು ಚೆಲ್ಲಿದಂತೆ ಹೂವಿನ ಹಾಸು ಬಿದ್ದಿರುತ್ತದೆ. ಕಾಯಿ ಚಪ್ಪಟೆಯಾಗಿದ್ದು ತುದಿಯಲ್ಲಿ ಸಣ್ಣ ಕೊಕ್ಕಿರುತ್ತದೆ, ಒಳಗೆ ಒಂದು, ಅಪರೂಪಕ್ಕೆ ಎರಡು ಬೀಜಗಳಿರುತ್ತವೆ.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದು ಕಾನುಗ. ತಮಿಳಿನಲ್ಲಿ ಪುಂಗು, ಸಂಸ್ಕೃತದಲ್ಲಿ ಕರಂಜ ಅಥವಾ ನಕ್ತಮಾಲ. ಸಸ್ಯಶಾಸ್ತ್ರದ ಹೆಸರು ಪೊಂಗಾಮಿಯಾ ಪಿನ್ನಾಟಾ. ಈಚಿನ ಕೆಲವು ಗ್ರಂಥಗಳಲ್ಲಿ ಮಿಲೆಟಿಯಾ ಪಿನ್ನಾಟಾ ಎಂದೂ ಬರೆದಿರುತ್ತಾರೆ, ಎರಡೂ ಒಂದೇ ಮರ. ಇದು ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು, ಅವುಗಳಂತೆಯೇ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ.

ಅಂಗಡಿಯಲ್ಲಿ ‘ಕರಂಜ’ ಎಂದು ಕೇಳಿದರೆ ಗಜ್ಜುಗದ ಬೀಜ ಕೊಟ್ಟರು. ಎರಡೂ ಒಂದೇ ಅಲ್ಲವೇ?

ಅಲ್ಲ, ಮತ್ತು ಈ ಗೊಂದಲ ಅಪಾಯಕಾರಿಯೂ ಹೌದು. ಆಯುರ್ವೇದದಲ್ಲಿ ಕರಂಜ ಎಂಬ ಹೆಸರಿನ ಸುತ್ತ ಮೂರು ಗಿಡಗಳು ಸುಳಿದಾಡುತ್ತವೆ. ಬರಿಯ ಕರಂಜ ಅಥವಾ ನಕ್ತಮಾಲ ಎಂದರೆ ನಮ್ಮ ಹೊಂಗೆ. ಲತಾಕರಂಜ ಎಂದರೆ ಮೈತುಂಬ ಮುಳ್ಳಿರುವ, ಬೂದುಬಣ್ಣದ ಗೋಲಿಯಂಥ ಗಟ್ಟಿ ಬೀಜ ಬಿಡುವ ಗಜ್ಜುಗದ ಬಳ್ಳಿ. ಚಿರಬಿಲ್ವ ಅಥವಾ ಪೂತಿಕರಂಜ ಎಂದರೆ ತಪಸಿ ಮರ, ಅದರ ಕಾಯಿ ತೆಳ್ಳಗೆ ಕಾಗದದ ಬಿಲ್ಲೆಯಂತಿದ್ದು ಗಾಳಿಯಲ್ಲಿ ತೇಲುತ್ತದೆ. ಗ್ರಂಥದಲ್ಲಿ ಒಂದಕ್ಕೆ ಹೇಳಿದ ಪ್ರಯೋಗವನ್ನು ಇನ್ನೊಂದರ ಬೀಜದಿಂದ ಮಾಡಿದರೆ ಫಲ ಸಿಗದಿರುವುದಷ್ಟೇ ಅಲ್ಲ, ಹೊಟ್ಟೆಗೆ ಕೊಡುವ ಔಷಧಿಯಾಗಿದ್ದರೆ ತೊಂದರೆಯೂ ಆದೀತು. ಆದ್ದರಿಂದ ಕೊಳ್ಳುವಾಗ ಹೆಸರನ್ನು ನಂಬದೆ ಬೀಜವನ್ನು ಕೈಗೆ ತೆಗೆದುಕೊಂಡು ನೋಡಬೇಕು. ಹೊಂಗೆಯ ಬೀಜ ಚಪ್ಪಟೆಯಾಗಿ, ಕೆಂಗಂದು ಬಣ್ಣದ್ದಾಗಿ, ಮೇಲಿನ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಉಗುರಿನಿಂದ ಒತ್ತಿದರೆ ಬೇಗ ಸೀಳುತ್ತದೆ. ಗಜ್ಜುಗವನ್ನು ಕಲ್ಲಿನಿಂದ ಜಜ್ಜಿಯೇ ಒಡೆಯಬೇಕು.

ಹಳೆಯ ವೈದ್ಯ ಗ್ರಂಥಗಳು ಹೊಂಗೆಯ ಬಗ್ಗೆ ಏನು ಹೇಳುತ್ತವೆ?

ಚರಕ ಸಂಹಿತೆಯಲ್ಲಿ ತುರಿಕೆಯನ್ನು ಶಮನ ಮಾಡುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಶ್ರೀಗಂಧ, ಬೇವುಗಳ ಜೊತೆಗೆ ನಕ್ತಮಾಲದ ಹೆಸರಿದೆ. ಅದೇ ಗ್ರಂಥವು ಹಲ್ಲುಜ್ಜುವ ಕಡ್ಡಿಗೆ ಯೋಗ್ಯವಾದ ಮರಗಳಲ್ಲಿ ಕರಂಜವನ್ನು ಸೇರಿಸುತ್ತದೆ. ಸುಶ್ರುತ ಸಂಹಿತೆಯ ಆರಗ್ವಧಾದಿ ಗಣದಲ್ಲಿಯೂ ಇದು ಬರುತ್ತದೆ. ಒಟ್ಟಾರೆ ಚರ್ಮರೋಗ, ಹುಣ್ಣು, ಹುಳುವಿನ ಬಾಧೆ ಎಂಬ ಮೂರು ಕಡೆ ಹೊಂಗೆಯನ್ನು ಬಳಸಿರುವುದು ಕಾಣುತ್ತದೆ. ಹಳ್ಳಿಯ ಬಳಕೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ.

ಕಜ್ಜಿ, ತುರಿಕೆ, ಇಸುಬಿಗೆ ಹೊಂಗೆ ಎಣ್ಣೆ ಹಚ್ಚಬಹುದೇ? ಹಚ್ಚುವ ಕ್ರಮವೇನು?

ಹೊರಗೆ ಹಚ್ಚುವುದು ಹೊಂಗೆಯ ಅತ್ಯಂತ ಹಳೆಯ ಬಳಕೆ. ಎಣ್ಣೆಯಲ್ಲಿರುವ ಕರಂಜಿನ್ ಮತ್ತು ಪೊಂಗಾಮೋಲ್ ಎಂಬ ಕಹಿ ಅಂಶಗಳು ಕೀಟ ಹಾಗೂ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಆದರೆ ಪ್ರಯೋಗಾಲಯದಲ್ಲಿ ಕಂಡ ಗುಣವು ನಮ್ಮ ಮೈಮೇಲೆ ಅದೇ ಪ್ರಮಾಣದಲ್ಲಿ ಕಾಣಬೇಕೆಂದೇನಿಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಕಡೆಯ ರೂಢಿಯಲ್ಲಿ ಗಾಣದ ಎಣ್ಣೆಯನ್ನು ನೇರವಾಗಿ ಹಚ್ಚುವುದಿಲ್ಲ. ಅದನ್ನು ಎರಡರಷ್ಟು ಕೊಬ್ಬರಿ ಎಣ್ಣೆಯೊಂದಿಗೆ ಬೆರೆಸಿ, ಕೆಲವರು ಚಿಟಿಕೆ ಅರಿಶಿನ ಸೇರಿಸಿ ಬೆಚ್ಚಗೆ ಮಾಡಿ, ತುರಿಕೆಯಿರುವ ಜಾಗಕ್ಕೆ ತೆಳುವಾಗಿ ಸವರಿ, ಒಂದೆರಡು ತಾಸಿನ ನಂತರ ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ತೊಳೆಯುತ್ತಾರೆ. ಮೊದಲ ಸಲ ಹಚ್ಚುವವರು ಮೊಣಕೈಯ ಒಳಭಾಗದಲ್ಲಿ ಒಂದು ತೊಟ್ಟು ಸವರಿ ಒಂದು ದಿನ ಕಾಯಬೇಕು. ಉರಿ, ಕೆಂಪು ಅಥವಾ ಗುಳ್ಳೆ ಕಂಡರೆ ಆ ಎಣ್ಣೆ ಅವರಿಗೆ ಆಗಿಬರುವುದಿಲ್ಲ ಎಂದರ್ಥ. ಕಣ್ಣಿನ ಸುತ್ತ, ತುಟಿ, ಕೀವು ಸೋರುವ ಗಾಯ ಮತ್ತು ಹಸುಗೂಸಿನ ಮೈಮೇಲೆ ಹಚ್ಚಲೇಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಜ್ಜಿ ಎಂದು ನಾವು ಕರೆಯುವುದೆಲ್ಲ ಒಂದೇ ಕಾಯಿಲೆಯಲ್ಲ. ಬೆರಳ ಸಂದಿಯಲ್ಲಿ ಶುರುವಾಗಿ ರಾತ್ರಿಯ ಹೊತ್ತು ಹೆಚ್ಚಾಗುವ ತುರಿಕೆ ಚರ್ಮದೊಳಗೆ ಕೊರೆಯುವ ಸಣ್ಣ ನುಸಿಯಿಂದ ಬರುವಂಥದ್ದು, ಅದಕ್ಕೆ ಮನೆಮಂದಿಯೆಲ್ಲರೂ ಒಂದೇ ದಿನ ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ದುಂಡಗೆ ಅಂಚು ಕಟ್ಟಿಕೊಂಡು ಹರಡುವ ಹುಳುಕಡ್ಡಿ ಶಿಲೀಂಧ್ರದ ಕಾಯಿಲೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಂತೂ ಪೂರ್ತಿ ಬೇರೆ. ಹತ್ತು ದಿನಗಳಲ್ಲಿ ಕಡಿಮೆಯಾಗದಿದ್ದರೆ ಅಥವಾ ಜ್ವರ, ಬಾವು ಜೊತೆಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದೇ ಸರಿ. ಸಕ್ಕರೆ ಕಾಯಿಲೆಯವರು ಹತ್ತು ದಿನ ಕಾಯುವುದೂ ಬೇಡ.

ಹೊಂಗೆ ಎಣ್ಣೆಯನ್ನು ಅಥವಾ ಬೀಜದ ಪುಡಿಯನ್ನು ಹೊಟ್ಟೆಗೆ ತೆಗೆದುಕೊಳ್ಳಬಹುದೇ?

ಬೇಡ. ನಾಯಿಕೆಮ್ಮಿಗೆ ಬೀಜದ ಪುಡಿಯನ್ನೂ, ಮೂಲವ್ಯಾಧಿಗೆ ಎಲೆಯನ್ನೂ ಕೊಡುತ್ತಿದ್ದ ರೂಢಿ ಇತ್ತೆಂಬುದು ನಿಜವಾದರೂ ಅದನ್ನು ಮನೆಯಲ್ಲಿ ಅನುಕರಿಸಬಾರದು. ಇದು ಅಡುಗೆಯ ಎಣ್ಣೆಯಲ್ಲ, ಕುಡಿದರೆ ವಾಕರಿಕೆ, ವಾಂತಿ ಆಗುತ್ತದೆ. ಬೀಜ ಮತ್ತು ಬೇರನ್ನು ಜಜ್ಜಿ ಮಡುವಿಗೆ ಹಾಕಿ ಮೀನುಗಳ ಮತಿ ತಪ್ಪಿಸಿ ಹಿಡಿಯುವ ಪದ್ಧತಿ ಹಲವು ಕಡೆ ಇತ್ತೆಂದರೆ ಅದರ ಶಕ್ತಿಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಎಣ್ಣೆ ಇಡುವವರು ಅಡುಗೆ ಎಣ್ಣೆಯ ಬಾಟಲಿಯಲ್ಲಿ ಇಡಬಾರದು.

ಹೊಂಗೆ ಕಡ್ಡಿಯಲ್ಲಿ ಹಲ್ಲುಜ್ಜುವುದು ಒಳ್ಳೆಯದೇ?

ಕಿರುಬೆರಳಿನ ದಪ್ಪದ ಎಳೆಯ ಕಡ್ಡಿಯ ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡು ಉಜ್ಜಬಹುದು. ರಸವನ್ನು ನುಂಗದೆ ಉಗಿಯಬೇಕು. ವಸಡಿನಲ್ಲಿ ರಕ್ತ ಬರುವವರು ಕಡ್ಡಿಯ ಬದಲು ಮೆತ್ತನೆಯ ಬ್ರಷ್ ಬಳಸುವುದು ಮೇಲು.

ಕೀಲುನೋವಿಗೆ ಹೊಂಗೆ ಎಲೆಯ ಶಾಖ ಕೊಡುತ್ತಾರೆ. ಇದರಲ್ಲಿ ಹುರುಳಿದೆಯೇ?

ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದರಿಂದ ಹಿತವಾಗುವುದುಂಟು. ಆ ಹಿತದಲ್ಲಿ ಎಲೆಯ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ, ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಪಾಲು ಬಿಸಿಯದೇ.

ದನಕರುಗಳಿಗೆ ಹೇಗೆ ಬಳಸಬಹುದು?

ದನದ ಗಾಯದ ಸುತ್ತ ಹೊಂಗೆ ಎಣ್ಣೆ ಸವರಿದರೆ ನೊಣ ಕೂರುವುದಿಲ್ಲ, ಹಾಗಾಗಿ ಹುಳು ಬೀಳುವುದು ತಪ್ಪುತ್ತದೆ. ಕಾಲುಬಾಯಿ ಜ್ವರದ ಕಾಲದಲ್ಲಿ ಗೊರಸಿನ ಸಂದಿಗೆ ಹಚ್ಚುವುದು ಇದೇ ಕಾರಣಕ್ಕೆ. ಇದರಿಂದ ಗಾಯಕ್ಕೆ ಕಾವಲು ಸಿಗುತ್ತದೆಯೇ ಹೊರತು ಕಾಯಿಲೆ ವಾಸಿಯಾಗುವುದಿಲ್ಲ, ಲಸಿಕೆಗೆ ಇದು ಬದಲಲ್ಲ. ಉಣ್ಣಿ ಹತ್ತಿದ ಜಾಗಕ್ಕೂ ಸವರಬಹುದು. ದನ ನೆಕ್ಕುವ ಜಾಗವಾಗಿದ್ದರೆ ಎಣ್ಣೆ ಒಣಗುವ ತನಕ ಮೂತಿಗೆ ಕುಕ್ಕೆ ಹಾಕಬೇಕು.

ಹೊಂಗೆ ಹಿಂಡಿಯನ್ನು ಮಾತ್ರ ದನಕ್ಕೆ ತಿನ್ನಿಸಬಾರದು. ಕಡಲೆಕಾಯಿ ಹಿಂಡಿಯ ಪಕ್ಕದಲ್ಲಿಯೇ ಇದರ ಚೀಲವನ್ನೂ ಇಟ್ಟು, ಕತ್ತಲಲ್ಲಿ ತಪ್ಪಿ ಕಲಗಚ್ಚಿಗೆ ಬೆರೆಸಿದ ಪ್ರಸಂಗ ನಮ್ಮ ಮನೆಯಲ್ಲೇ ಒಮ್ಮೆ ನಡೆದಿದೆ. ಹಸು ಮೂಸಿ ನೋಡಿ ಮುಖ ತಿರುಗಿಸಿದ್ದರಿಂದ ಬಚಾವಾದೆವು.

ಅಮೆರಿಕದ ಡಾಗ್‌ವುಡ್ ಮರವೂ ಔಷಧೀಯ ಎಂದು ಓದಿದೆ. ಅದನ್ನು ಕೋಲಾರ, ತುಮಕೂರಿನಲ್ಲಿ ಬೆಳೆಸಬಹುದೇ?

ಡಾಗ್‌ವುಡ್ ಎಂಬುದು ಕಾರ್ನಸ್ ಎಂಬ ಕುಲದ ಮರಗಳ ಸಾಮಾನ್ಯ ಹೆಸರು. ಅಮೆರಿಕದ ಪೂರ್ವಭಾಗದ ಹೂ ಡಾಗ್‌ವುಡ್‌ನ ತೊಗಟೆಯನ್ನು ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, ಕ್ವಿನೈನ್ ಸಿಗದಿದ್ದಾಗ, ದಕ್ಷಿಣದ ರಾಜ್ಯಗಳಲ್ಲಿ ಮಲೇರಿಯಾ ಜ್ವರಕ್ಕೆ ಬಳಸಿದ್ದರು. ಚೀನಾ, ಜಪಾನ್, ಕೊರಿಯಾಗಳ ವೈದ್ಯ ಪದ್ಧತಿಗಳಲ್ಲಿ ಇದೇ ಕುಲದ ಇನ್ನೊಂದು ಮರದ ಕೆಂಪು ಹಣ್ಣನ್ನು ಒಣಗಿಸಿ ಔಷಧಿಯಾಗಿ ಕೊಡುತ್ತಾರೆ. ಯುರೋಪಿನ ಕಾರ್ನೇಲಿಯನ್ ಚೆರಿಯೂ ಇದರ ಬಂಧುವೇ. ಹಿಮಾಲಯದ ತಪ್ಪಲಿನಲ್ಲಿ ನಮ್ಮ ದೇಶದ್ದೇ ಆದ ಡಾಗ್‌ವುಡ್ ಜಾತಿಗಳೂ ಇವೆ. ಆದರೆ ಇವು ತಂಪು ಹವೆಯ ಮರಗಳು. ಹೆಚ್ಚಿನವು ಚಳಿಗಾಲದಲ್ಲಿ ಎಲೆ ಉದುರಿಸುತ್ತವೆ. ಕೆಲವು ವಾರ ಗಾಢವಾದ ಶೀತದಲ್ಲಿ ಕಳೆದ ಮೇಲೆಯೇ ಅವುಗಳಿಗೆ ಸರಿಯಾದ ಚಿಗುರು ಮತ್ತು ಹೂವು. ಶಿರಾ ಅಥವಾ ಗುಡಿಬಂಡೆಯ ಏಪ್ರಿಲ್ ಬಿಸಿಲಿಗೆ ಅವು ತಡೆಯುವುದಿಲ್ಲ. ನರ್ಸರಿಯವರು ಹೊಸ ಹೆಸರಿನ ಸಸಿ ತೋರಿಸಿದರೆ ದುಡ್ಡು ಕೊಡುವ ಮೊದಲು ಆ ಮರದ ತವರು ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯದು.

ಕುತೂಹಲಕ್ಕೆ ಒಂದು ಮಾತು: ಕೆರಿಬಿಯನ್ ಕಡೆ ಜಮೈಕಾ ಡಾಗ್‌ವುಡ್ ಎಂಬ ಮರವಿದೆ. ಹೆಸರು ಡಾಗ್‌ವುಡ್ ಆದರೂ ಅದು ಕಾರ್ನಸ್ ಅಲ್ಲ, ಹೊಂಗೆಯ ಕುಟುಂಬದ್ದೇ ಮರ. ಅಲ್ಲಿನವರೂ ಅದನ್ನು ಮೀನು ಹಿಡಿಯಲು ಬಳಸುತ್ತಿದ್ದರು.

ನಮ್ಮ ಜಿಲ್ಲೆಗಳ ಮಣ್ಣು ಮತ್ತು ಮಳೆ ಹೊಂಗೆಗೆ ಸಾಕೇ?

ಸಾಕು. ವರ್ಷಕ್ಕೆ 500 ಮಿ.ಮೀ.ನಿಂದ 2,500 ಮಿ.ಮೀ.ವರೆಗಿನ ಮಳೆಯಲ್ಲಿ ಹೊಂಗೆ ಬದುಕುತ್ತದೆ. ಪಾವಗಡದಂಥ ಬರದ ತಾಲ್ಲೂಕಿನಲ್ಲೂ ಹಳೆಯ ಹೊಂಗೆಗಳು ನಿಂತಿರುವುದೇ ಇದಕ್ಕೆ ಸಾಕ್ಷಿ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಮೊದಲ ಎರಡು ಬೇಸಿಗೆ ದಾಟಿದ ಮರಕ್ಕೆ ನೀರಿನ ಹಂಗಿಲ್ಲ. ಕೆಂಪು ಮಣ್ಣು, ಗರಸು ಮಿಶ್ರಿತ ಮಣ್ಣು, ಸ್ವಲ್ಪ ಚೌಳಿರುವ ಮಣ್ಣು ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಮೇಲ್ಮಣ್ಣು ಗೇಣುದ್ದವೂ ಇಲ್ಲದ ಬಂಡೆ ಹಾಸಿನ ಮೇಲೆ ಮಾತ್ರ ಬೆಳೆಯುವುದು ಕುಂಠಿತವಾಗುತ್ತದೆ.

ಬೀಜದಿಂದ ಸಸಿ ಮಾಡುವುದು ಹೇಗೆ?

ಫೆಬ್ರುವರಿಯಿಂದ ಮೇ ತಿಂಗಳವರೆಗೆ ಕಾಯಿ ಕಂದುಬಣ್ಣಕ್ಕೆ ತಿರುಗಿ ಬಲಿಯುತ್ತದೆ. ಪ್ರತಿವರ್ಷ ತಪ್ಪದೆ ಕಾಯಿ ಬಿಡುವ, ಕಾಯಿ ದಪ್ಪವಿರುವ, ರೋಗವಿಲ್ಲದ ಹತ್ತಾರು ವರ್ಷದ ಮರವನ್ನು ಗುರುತಿಟ್ಟುಕೊಂಡು ಅದರಿಂದಲೇ ಬೀಜ ತೆಗೆದುಕೊಳ್ಳಬೇಕು. ರಸ್ತೆಯ ಬದಿಯಲ್ಲಿ ಗುಡಿಸಿ ತಂದ ಕಾಯಿಯಲ್ಲಿ ಒಳ್ಳೆಯದು ಕೆಟ್ಟದ್ದು ಎಲ್ಲವೂ ಕಲೆತಿರುತ್ತವೆ.

ಬೀಜದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಅದರ ಆಯಸ್ಸಿನಲ್ಲಿ. ಎಣ್ಣೆಯ ಅಂಶ ಹೆಚ್ಚಿರುವ ಬೀಜ ಬಹುಕಾಲ ಜೀವ ಹಿಡಿದಿಟ್ಟುಕೊಳ್ಳುವುದಿಲ್ಲ, ಸುಮಾರು ಆರು ತಿಂಗಳ ನಂತರ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ನಾನು ಮೊದಲ ಸಲ ಹೊಂಗೆ ಬಿತ್ತಿದಾಗ ಹಿಂದಿನ ವರ್ಷದ ಬೀಜವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟು ಜೋಪಾನ ಮಾಡಿದ್ದೇನೆಂದು ಬೀಗುತ್ತಿದ್ದೆ. ಇನ್ನೂರು ಚೀಲಗಳಲ್ಲಿ ಮೊಳೆತವು ಹನ್ನೊಂದು. ಉಳಿದ ಚೀಲಗಳ ಮಣ್ಣು ಕೆದಕಿ ನೋಡಿದಾಗ ಬೀಜಗಳು ಹೊರಗಿನಿಂದ ನೆಟ್ಟಗಿದ್ದರೂ ಒಳಗೆ ಹಳದಿಯಾಗಿ, ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ಆಮೇಲಿನ ವರ್ಷ ಅದೇ ಮರದ ಹೊಸ ಬೀಜವನ್ನು ಕಿತ್ತ ತಿಂಗಳಲ್ಲೇ ಹಾಕಿದಾಗ ಮೊಳೆಯದೇ ಉಳಿದವನ್ನು ಬೆರಳಲ್ಲಿ ಎಣಿಸಬಹುದಿತ್ತು.

ಬಿತ್ತುವ ಕ್ರಮ ಸರಳ. ಬೀಜವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಚೀಲದಲ್ಲಿ ಬೀಜವನ್ನು ಒಂದು ಅಂಗುಲಕ್ಕಿಂತ ಆಳವಾಗದಂತೆ ಮಲಗಿಸಿ ಮುಚ್ಚಬೇಕು. ದಿನಕ್ಕೊಮ್ಮೆ ಹದವಾಗಿ ನೀರು ಚಿಮುಕಿಸಿದರೆ ಹತ್ತನೇ ದಿನದಿಂದ ಮೊಳಕೆ ಶುರುವಾಗಿ ತಿಂಗಳೊಳಗೆ ಮುಗಿಯುತ್ತದೆ. ಚೀಲ ಉದ್ದವಾಗಿರಲಿ. ಗಿಡ್ಡ ಚೀಲದಲ್ಲಿ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತಿಕೊಂಡರೆ ಆ ಗಿಡ ಹೊಲದಲ್ಲಿ ಎಷ್ಟು ವರ್ಷ ಕಳೆದರೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಕಸಿ ಗಿಡ ತರಬೇಕೇ, ಬೀಜದ ಸಸಿ ಸಾಕೇ?

ಸೊಪ್ಪು ಮತ್ತು ನೆರಳಿಗಾದರೆ ಬೀಜದ ಸಸಿಯೇ ಸಾಕು. ಬೀಜ ಮಾರುವ ಉದ್ದೇಶವಿದ್ದರೆ ಕಸಿ ಗಿಡ ಲಾಭಕರ, ಏಕೆಂದರೆ ಹೊಂಗೆಯಲ್ಲಿ ಪಕ್ಕಪಕ್ಕದ ಎರಡು ಮರಗಳ ಇಳುವರಿಯಲ್ಲೇ ಅಜಗಜಾಂತರವಿರುತ್ತದೆ. ಬೀಜದ ಸಸಿಯಾದರೆ ತಾಯಿಮರದ ಗುಣ ಬಂದೇ ಬರುತ್ತದೆಂಬ ಭರವಸೆ ಇರುವುದಿಲ್ಲ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಕೊಡಲು ಆರಂಭಿಸಿದರೆ, ಬೀಜದ ಗಿಡಕ್ಕೆ ಐದರಿಂದ ಏಳು ವರ್ಷ ಬೇಕು.

ಯಾವಾಗ, ಎಷ್ಟು ಅಂತರದಲ್ಲಿ ನೆಡಬೇಕು?

ನಮ್ಮ ಕಡೆ ಜೂನ್ ತಿಂಗಳ ಮಳೆಯನ್ನು ನಂಬಿ ಕೆಟ್ಟವರೇ ಹೆಚ್ಚು. ಒಳ್ಳೆಯ ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆದ್ದರಿಂದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಪುಷ್ಯ ಅಥವಾ ಆಶ್ಲೇಷ ಮಳೆಯಲ್ಲಿ ನೆಲ ಒಂದು ಮೊಳ ನೆಂದ ಮೇಲೆ ನೆಡುವುದು ಸರಿಯೆಂದು ನನ್ನ ಅನುಭವ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳವಿದ್ದರೆ ಸಾಕು. ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಸಿಕ್ಕಿದರೆ ಎರಡು ಮಂಕರಿ ಹಾಕಬೇಕು. ಇಡೀ ಜಮೀನಿಗೆ ಹಾಕುವವರು 5 ಮೀಟರ್‌ಗೆ 5 ಮೀಟರ್ ಅಂತರ ಇಟ್ಟರೆ ಎಕರೆಗೆ ಸುಮಾರು 160 ಗಿಡ ಹಿಡಿಯುತ್ತವೆ. ಬದುವಿನ ಮೇಲಾದರೆ ಇಪ್ಪತ್ತು ಅಡಿಗೊಂದು.

ಮೊದಲ ಎರಡು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಬಿಂದಿಗೆ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ, ಪಾತಿಯ ಸುತ್ತ ಕಳೆ ಬೆಳೆಯದಂತೆ ಎಚ್ಚರ. ಇಷ್ಟೇ ಆರೈಕೆ. ಮೇವು ಸಿಗುವ ಕಾಲದಲ್ಲಿ ಆಡು ಕುರಿಗಳು ಹೊಂಗೆಗೆ ಬಾಯಿ ಹಾಕುವುದು ಕಡಿಮೆಯಾದ್ದರಿಂದ ಬೇಲಿಯ ಖರ್ಚು ಉಳಿಯುತ್ತದೆ. ಬರಗಾಲದಲ್ಲಿ ಅವನ್ನೂ ನಂಬುವಂತಿಲ್ಲ.

ಬದುವಿನ ಹೊಂಗೆಯಿಂದ ರಾಗಿ ಬೆಳೆಗೆ ನೆರಳಾಗುವುದಿಲ್ಲವೇ?

ಆಗುತ್ತದೆ. ಮರವನ್ನು ತನ್ನಷ್ಟಕ್ಕೆ ಬಿಟ್ಟರೆ ಅದರ ಕೆಳಗಿನ ನಾಲ್ಕು ಸಾಲು ರಾಗಿ ಪೀಚಾಗುವುದು ಖಂಡಿತ. ಇದಕ್ಕೆ ಹಿರಿಯರು ಕಂಡುಕೊಂಡ ದಾರಿಯೆಂದರೆ ಬಿತ್ತನೆಗೆ ಮುಂಚೆ ಕೆಳಗಿನ ಕೊಂಬೆಗಳನ್ನು ಸವರಿ, ಆ ಸೊಪ್ಪನ್ನೇ ಹೊಲಕ್ಕೆ ಹಾಸಿ ಉಳುವುದು. ಸವರಿದ ಮರ ಮತ್ತೆ ಜೋರಾಗಿ ಚಿಗುರುತ್ತದೆ. ಆದರೆ ಹೀಗೆ ವರ್ಷವೂ ಬೋಳಿಸಿದ ಮರದಲ್ಲಿ ಕಾಯಿ ಹೆಚ್ಚು ನಿಲ್ಲುವುದಿಲ್ಲ. ಒಂದೇ ಮರದಿಂದ ಸೊಪ್ಪನ್ನೂ ಬೀಜವನ್ನೂ ಪೂರ್ತಿಯಾಗಿ ಪಡೆಯಲು ಬರುವುದಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು, ಉತ್ತರ ದಕ್ಷಿಣವಾಗಿ ಓಡುವ ಬದುವಿನ ಮರಗಳನ್ನು ಒಂದಕ್ಕೂ ಪೂರ್ವ ಪಶ್ಚಿಮದವನ್ನು ಇನ್ನೊಂದಕ್ಕೂ ಮೀಸಲಿಟ್ಟುಕೊಳ್ಳುವವರಿದ್ದಾರೆ.

ಎಲೆಯ ಮೇಲೆ ಗಂಟುಗಳು ಎದ್ದಿವೆ, ಕೆಲವು ಕಾಯಿ ಗೋಲಿಯಂತೆ ದುಂಡಗಾಗಿವೆ. ಇದು ರೋಗವೇ?

ಎಲೆಯ ಮೇಲೆ ಸಣ್ಣ ಬೆರಳುಗಳಂತೆ ಎದ್ದಿರುವ ಹಸಿರು ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ನೋಡಲು ಅಸಹ್ಯವೆನಿಸಿದರೂ ದೊಡ್ಡ ಮರಕ್ಕೆ ಅದರಿಂದ ಅಂಥ ನಷ್ಟವಿಲ್ಲ. ಎಳೆಯ ಸಸಿಯಲ್ಲಿ ಕಂಡರೆ ಆ ಎಲೆಗಳನ್ನು ಚಿವುಟಿ ಸುಡಬೇಕು.

ದುಂಡುಕಾಯಿಯದು ಬೇರೆಯೇ ಕಥೆ. ಅಂಥದೊಂದನ್ನು ಕಿತ್ತು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ಬೀಜವಿರಬೇಕಾದ ಜಾಗದಲ್ಲಿ ಗೂಡು ಮಾಡಿಕೊಂಡು ಪುಟ್ಟ ಹುಳುವೊಂದು ಮುದುಡಿ ಮಲಗಿರುತ್ತದೆ. ಸೊಳ್ಳೆಯನ್ನು ಹೋಲುವ ಸಣ್ಣ ನೊಣವೊಂದು ಹೂವಿನ ಅಂಡಾಶಯದಲ್ಲಿ ಮೊಟ್ಟೆ ಇಟ್ಟಾಗ, ಚಪ್ಪಟೆ ಕಾಯಾಗಬೇಕಿದ್ದದ್ದು ಹೀಗೆ ಗೋಲಿಯಾಗಿ ಊದಿಕೊಳ್ಳುತ್ತದೆ. ಹುಡುಗರು ಇವನ್ನೇ ಹೊಂಗೆಯ ಕಾಯಿ ಎಂದು ತಿಳಿದು ಆಡಲು ಕೀಳುವುದುಂಟು. ಬಾಧೆ ಜಾಸ್ತಿಯಾದ ವರ್ಷ ಇಳುವರಿ ನೇರವಾಗಿ ಕುಸಿಯುತ್ತದೆ. ಎತ್ತರದ ಮರಕ್ಕೆ ಔಷಧಿ ಸಿಂಪಡಿಸುವುದು ಆಗುವ ಮಾತಲ್ಲ, ಹೂವಿನ ಕಾಲದಲ್ಲಿ ಸಿಂಪಡಿಸಿದರೆ ಜೇನುಹುಳುಗಳು ಸಾಯುತ್ತವೆ. ಕೈಗೆಟುಕುವ ದುಂಡುಕಾಯಿಗಳನ್ನು ಹುಳು ಹೊರಬರುವ ಮೊದಲೇ ಕಿತ್ತು ಸುಡುವುದು ಮಾಡಬಹುದಾದ ಕೆಲಸ.

ಕೊಯ್ಲು ಮತ್ತು ಬೀಜ ಬಿಡಿಸುವುದು ಹೇಗೆ? ಒಂದು ಮರಕ್ಕೆ ಎಷ್ಟು ಸಿಗುತ್ತದೆ?

ಹೊಂಗೆಯ ಕಾಯಿ ಬಲಿತರೂ ತಾನಾಗಿ ಸಿಡಿಯುವುದಿಲ್ಲ. ಆದ್ದರಿಂದ ಮರದ ಕೆಳಗೆ ಹಳೆಯ ಗೋಣಿಯನ್ನೋ ಟಾರ್ಪಾಲನ್ನೋ ಹಾಸಿ, ದೋಟಿಯಿಂದ ಬಡಿದು ಉದುರಿಸುತ್ತಾರೆ. ಎರಡು ಮೂರು ದಿನ ಬಿಸಿಲಿಗೆ ಹಾಕಿದ ನಂತರ, ಕಾಯಿಯನ್ನು ಚಪ್ಪಡಿ ಕಲ್ಲಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಮರದ ಕೊಡತಿಯಿಂದ ಒಂದು ಹದವಾದ ಪೆಟ್ಟು ಕೊಟ್ಟರೆ ಎರಡು ಹೋಳಾಗಿ ಬೀಜ ಪಕ್ಕಕ್ಕೆ ಹಾರುತ್ತದೆ. ಪೆಟ್ಟು ಜಾಸ್ತಿಯಾದರೆ ಬೀಜವೇ ನುಚ್ಚಾಗುತ್ತದೆ, ಕಡಿಮೆಯಾದರೆ ಕಾಯಿ ಜಾರಿ ಬೆರಳಿಗೆ ಬೀಳುತ್ತದೆ. ಈ ಕೆಲಸದಲ್ಲಿ ಪಳಗಿದ ಹೆಂಗಸರ ಕೈಯ ವೇಗವನ್ನು ನೋಡಿಯೇ ನಂಬಬೇಕು. ಹೆಚ್ಚು ಪ್ರಮಾಣವಿದ್ದರೆ ಕಾಯಿ ಒಡೆಯುವ ಯಂತ್ರಗಳೂ ಬಂದಿವೆ.

ಇಳುವರಿಗೆ ಒಂದೇ ಲೆಕ್ಕ ಹೇಳಲಾಗದು. ಬೆಳೆದ ಮರವೊಂದಕ್ಕೆ 9 ಕೆ.ಜಿ.ಯಿಂದ 90 ಕೆ.ಜಿ.ವರೆಗೆ ಎಂದು ಪುಸ್ತಕಗಳಲ್ಲಿ ಬರೆದಿರುವುದೇ ಈ ಮರದ ಸ್ವಭಾವವನ್ನು ಹೇಳುತ್ತದೆ. ಒಂದು ವರ್ಷ ಹೊರಲಾರದಷ್ಟು ಬಿಟ್ಟು ಮರುವರ್ಷ ಕೈಕೊಡುವುದೂ ಇದೆ.

ಬೀಜದಿಂದ ಎಷ್ಟು ಎಣ್ಣೆ ಬರುತ್ತದೆ?

ಬೀಜದಲ್ಲಿ ಶೇ 30ರಿಂದ 40ರಷ್ಟು ಎಣ್ಣೆ ಇರುತ್ತದೆ. ಗಾಣದಲ್ಲಿ ಅಥವಾ ಎಣ್ಣೆ ಗಿರಣಿಯಲ್ಲಿ ಅದರ ಪೂರ್ತಿ ಪಾಲು ಇಳಿಯುವುದಿಲ್ಲ, ನಾಲ್ಕು ಕೆ.ಜಿ. ಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಹಿಂಡಿಯನ್ನು ಕೇಳಿ ಮನೆಗೆ ತರುವುದನ್ನು ಮರೆಯಬಾರದು, ಒಣಭೂಮಿಯವರಿಗೆ ಎಣ್ಣೆಗಿಂತ ಅದರ ಬೆಲೆ ಹೆಚ್ಚು.

ಹೊಂಗೆ ಹಿಂಡಿಯನ್ನು ಯಾವ ಬೆಳೆಗೆ, ಹೇಗೆ ಹಾಕಬೇಕು?

ಹಿಂಡಿಯಲ್ಲಿ ಸುಮಾರು ಶೇ 4ರಷ್ಟು ಸಾರಜನಕವಿದ್ದು, ಜೊತೆಗೆ ರಂಜಕ ಮತ್ತು ಪೊಟ್ಯಾಷ್ ಸ್ವಲ್ಪ ಸ್ವಲ್ಪ ಇವೆ. ಇದರ ವಿಶೇಷವಿರುವುದು ಗೊಬ್ಬರದ ಅಂಶಕ್ಕಿಂತ ಹೆಚ್ಚಾಗಿ ಕಹಿಯಲ್ಲಿ. ಆ ಕಹಿಯಿಂದಾಗಿ ಗೆದ್ದಲು ಹಾಗೂ ಬೇರು ಗಂಟು ಮಾಡುವ ಜಂತುಹುಳುಗಳ ಕಾಟ ತಗ್ಗುತ್ತದೆ. ಕೋಲಾರ, ಚಿಂತಾಮಣಿ ಕಡೆ ವರ್ಷವಿಡೀ ಟೊಮೆಟೊ ಹಾಕಿದ ನೆಲದಲ್ಲಿ ಗಿಡ ಕಿತ್ತರೆ ಬೇರೆಲ್ಲ ಮಣಿಸರದಂತೆ ಗಂಟುಗಂಟಾಗಿರುತ್ತದಲ್ಲ, ಆ ಕಾಟಕ್ಕೆ ನಾಟಿಗೆ ಎರಡು ಮೂರು ವಾರ ಮುಂಚೆಯೇ ಹಿಂಡಿಯನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿ ನೀರು ಕೊಡಬೇಕು. ನಾಟಿಯ ದಿನವೇ ಹಾಕಿದರೆ ಕೊಳೆಯುವ ಬಿಸಿಗೆ ಎಳೆಯ ಬೇರು ಸುಡುತ್ತದೆ. ತಿಪಟೂರು ಕಡೆಯ ತೆಂಗಿನ ತೋಟದವರು ಮಳೆಗಾಲದ ಮೊದಲಿಗೆ ಪಾತಿಗೆ ಹಾಕಿ ಮಣ್ಣು ಮುಚ್ಚುತ್ತಾರೆ.

ಕರಂಜಿನ್‌ಗೆ ಇನ್ನೊಂದು ಗುಣವಿದೆ. ಮಣ್ಣಿನಲ್ಲಿ ಯೂರಿಯಾ ಬೇಗ ಕರಗಿ ಪೋಲಾಗುವುದನ್ನು ಅದು ನಿಧಾನಗೊಳಿಸುತ್ತದೆ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದನ್ನು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯ ಮಾಡಿದ್ದು ಇದೇ ತತ್ವದ ಮೇಲೆ.

ಹೊಂಗೆ ಸೊಪ್ಪು ಗೊಬ್ಬರವಾಗಿ ನಿಜಕ್ಕೂ ಉಪಯುಕ್ತವೇ?

ಕೆರೆಯ ಹಿಂದಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಮುಂಚೆ ಹೊಂಗೆ ಸೊಪ್ಪು ಹಾಸಿ ಕೆಸರಿನಲ್ಲಿ ತುಳಿಯುವುದು ನಮ್ಮ ತಂದೆಯವರ ಕಾಲದವರೆಗೂ ತಪ್ಪದೆ ನಡೆದಿತ್ತು. ಒಣಗಿದ ಎಲೆಯಲ್ಲಿ ಸುಮಾರು ಶೇ 3ರಷ್ಟು ಸಾರಜನಕವಿರುತ್ತದೆ, ಎಲೆ ಮೆತ್ತಗಿರುವುದರಿಂದ ಬೇಗ ಕರಗುತ್ತದೆ. ಕೆರೆಗಳು ಬತ್ತಿ ಭತ್ತ ಹೋದ ಮೇಲೆ ಆ ರೂಢಿಯೂ ಹೋಯಿತು. ಈಗಲೂ ಹಿಪ್ಪುನೇರಳೆ, ಮಾವು, ತೆಂಗಿನ ಬುಡಕ್ಕೆ ಹಾಸಲು ಇದಕ್ಕಿಂತ ಅಗ್ಗದ ಗೊಬ್ಬರ ಕಾಣೆ.

ಹೊಂಗೆ ಎಣ್ಣೆಯನ್ನು ಬೆಳೆಗೆ ಸಿಂಪಡಿಸಬಹುದೇ?

ಒಂದು ಲೀಟರ್ ನೀರಿಗೆ 5ರಿಂದ 10 ಮಿ.ಲೀ. ಎಣ್ಣೆಯನ್ನು ಸೋಪಿನ ದ್ರಾವಣದಲ್ಲಿ ಮೊದಲು ಚೆನ್ನಾಗಿ ಕದಡಿ, ಆಮೇಲೆ ನೀರಿಗೆ ಬೆರೆಸಿ, ಸಂಜೆ ಹೊತ್ತು ಸಿಂಪಡಿಸಬೇಕು. ಸೋಪು ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಬಿಳಿನೊಣ, ನುಸಿ, ಹಿಟ್ಟುತಿಗಣೆಗಳಿಗೆ ಆರಂಭದ ಹಂತದಲ್ಲಿ ಪ್ರಯೋಜನವಿದೆ, ಬಾಧೆ ಮಿತಿಮೀರಿದ ಮೇಲೆ ಅಷ್ಟಿಲ್ಲ. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡುವುದು ಜಾಣತನ.

ಶಿಡ್ಲಘಟ್ಟ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಕಡೆಯ ರೇಷ್ಮೆ ಬೆಳೆಗಾರರು ಗಮನಿಸಬೇಕಾದದ್ದು: ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿಗೆ ಈ ಸಿಂಪಡಣೆ ಬೇಡ, ಪಕ್ಕದ ತರಕಾರಿ ಹೊಲಕ್ಕೆ ಹೊಡೆಯುವಾಗಲೂ ಗಾಳಿಯ ದಿಕ್ಕು ನೋಡಿಕೊಳ್ಳಬೇಕು. ಕಹಿ ತಾಗಿದ ಎಲೆಯನ್ನು ರೇಷ್ಮೆಹುಳು ತಿನ್ನುವುದಿಲ್ಲ.

ಹೊಂಗೆಯಿಂದ ಡೀಸೆಲ್ ಮಾಡಿ ಶ್ರೀಮಂತರಾಗಬಹುದು ಎನ್ನುತ್ತಾರೆ. ಎಕರೆಗಟ್ಟಲೆ ಹಾಕಲೇ?

ಹೊಂಗೆ ಎಣ್ಣೆಯಿಂದ ಎಂಜಿನ್ ಓಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಅದನ್ನು ಹಳ್ಳಿಯ ಪಂಪುಗಳಲ್ಲೇ ಓಡಿಸಿ ತೋರಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು, ಕರ್ನಾಟಕ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನೇ ತಂದಿತು. ಹಸಿ ಎಣ್ಣೆ ಗಟ್ಟಿಯಾಗಿರುವುದರಿಂದ ಹಾಗೆಯೇ ಬಳಸಿದರೆ ಎಂಜಿನ್ನಿನಲ್ಲಿ ಕರಿ ಕಟ್ಟುತ್ತದೆ, ಮೆಥನಾಲ್ ಮತ್ತು ಕ್ಷಾರ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಅದು ಡೀಸೆಲ್ಲಿನಂತಾಗುತ್ತದೆ.

ತೊಡಕಿರುವುದು ರಸಾಯನದಲ್ಲಲ್ಲ, ಕೂಲಿಯಲ್ಲಿ. ಮರ ಫಲಕ್ಕೆ ಬರುವ ತನಕ ಐದಾರು ವರ್ಷ ಕಾದು, ಆಮೇಲೆ ಬಡಿದು, ಆಯ್ದು, ಒಡೆದು ಮಾರುಕಟ್ಟೆಗೆ ಸಾಗಿಸುವ ಹೊತ್ತಿಗೆ ಕೂಲಿ ಕೊಟ್ಟು ಉಳಿಯುವುದು ಅಲ್ಪ. ಎಪಿಎಂಸಿ ದರಪಟ್ಟಿಯಲ್ಲಿ ಹೊಂಗೆ ಬೀಜದ ಸಾಲು ಇದೆ. ಎರಡು ಮೂರು ಹಂಗಾಮಿನ ಬೆಲೆಯನ್ನು ಅದರಲ್ಲಿ ನೋಡಿಕೊಂಡು ಮನೆಯ ಕೂಲಿ ಎಷ್ಟೆಂದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ರಾಗಿ, ಅವರೆ ಬೆಳೆಯುವ ನೆಲವನ್ನು ಬಿಟ್ಟು ಹೊಂಗೆ ಹಾಕಬೇಡಿ ಎಂಬುದು ನನ್ನ ಸಲಹೆ. ಬದು, ಹಳ್ಳದ ಅಂಚು, ಕಣದ ಪಕ್ಕ, ಬೋರ್‌ವೆಲ್ ಮನೆಯ ಹಿಂದೆ, ಉಳಲಾಗದ ಗರಸು, ಇಲ್ಲೆಲ್ಲ ಹಾಕಿ. ಆಗ ಸಿಗುವ ಬೀಜ, ಸೊಪ್ಪು, ಹಿಂಡಿ, ಸೌದೆ ಎಲ್ಲವೂ ಹೆಚ್ಚುವರಿ ಗಳಿಕೆಯಾಗುತ್ತದೆ.

ಮರಮುಟ್ಟಿಗೆ ಆಗುತ್ತದೆಯೇ?

ಸೌದೆಗೆ ಒಳ್ಳೆಯದು, ಗುದ್ದಲಿ ಕಾವಿಗೂ ಆದೀತು. ಬಾಗಿಲು ಕಿಟಕಿಗೆ ಬೇಡ, ಬೇಗ ಕುಟ್ಟೆ ಹಿಡಿಯುತ್ತದೆ.

ಸಸಿ ಎಲ್ಲಿ ಸಿಗುತ್ತದೆ? ಮಾಹಿತಿಗೆ ಯಾರನ್ನು ಕೇಳಬೇಕು?

ಅರಣ್ಯ ಇಲಾಖೆಯ ತಾಲ್ಲೂಕು ನರ್ಸರಿಗಳಲ್ಲಿ ಮಳೆಗಾಲದ ಆರಂಭದಲ್ಲಿ ರಿಯಾಯಿತಿ ದರದ ಹೊಂಗೆ ಸಸಿಗಳು ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ಇದೆ. ಅದಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ನಕಲು ಹಿಡಿದು ಸಸಿ ಒಯ್ಯುವಾಗಲೇ ಅರ್ಜಿ ಕೊಡಬೇಕು, ನೆಟ್ಟಾದ ಮೇಲೆ ಹೋದರೆ ಕೆಲಸವಾಗುವುದಿಲ್ಲ. ಬೇಸಾಯದ ಸಂದೇಹಗಳಿಗೆ ತುಮಕೂರು ಜಿಲ್ಲೆಯವರು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ, ಕೋಲಾರದವರು ಟಮಕದ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಬೆಳೆದ ಮರ ಕಡಿಯುವ ಮುನ್ನ, ಅದು ಸ್ವಂತ ಹೊಲದ್ದೇ ಆದರೂ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅನುಮತಿಯ ವಿಷಯವನ್ನು ವಿಚಾರಿಸಿಕೊಳ್ಳಬೇಕು. ಕೊಂಬೆ ಸವರುವುದು ಬೇರೆ, ಬುಡಕ್ಕೆ ಕೊಡಲಿ ಹಾಕುವುದು ಬೇರೆ.